570 ಡಾಲರ್ ಕಡಿಮೆ ಬಿದ್ರೆ ಅಮೆರಿಕದಲ್ಲಿ ಏನಾಗುತ್ತೆ?

ಹ್ಯೂಸ್ಟನ್ನಿನ ಈ ಗಾಜಿನ ಕಟ್ಟಡಗಳನ್ನ ರಾತ್ರಿಯೆಲ್ಲ ಗುಡಿಸಿ ಒರೆಸೋರ ಲೆಕ್ಕ ಒಂದ್ಸಲ ಹಾಕೋಣ. ಡಾಲರನ್ನ ರೂಪಾಯಿ ಮಾಡ್ಬೇಡಿ, ಅವರ ಖರ್ಚೂ ಡಾಲರಲ್ಲೇ.

ಹ್ಯೂಸ್ಟನ್ ಇರೋ ಟೆಕ್ಸಸ್ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಒಂದು ಸೆಂಟೂ ಏರಿಲ್ಲ. ವಾರಕ್ಕೆ 40 ಗಂಟೆ, 52 ವಾರ, ಒಂದು ದಿನವೂ ತಪ್ಪಿಸದೆ ದುಡಿದ್ರೆ 15,080. ಒಬ್ಬರಿಗೆ 2025ರ ಬಡತನ ರೇಖೆ 15,650. 570 ಡಾಲರ್ ಕಡಿಮೆ.

ಇದರ ಪೆಟ್ಟು ಬೀಳೋದು ಆರೋಗ್ಯ ವಿಮೆ ಮೇಲೆ. ತಾವೇ ವಿಮೆ ಕೊಳ್ಳೋರಿಗೆ ಸರ್ಕಾರ ಕೊಡೋ ಸಬ್ಸಿಡಿ 2026ರ ವಿಮೆಗೆ ಶುರುವಾಗೋದೇ ಆ ರೇಖೆಯಿಂದ. ಅದಕ್ಕಿಂತ ಬಡವರನ್ನ ಮೆಡಿಕೇಡ್, ಅಂದ್ರೆ ಬಡವರ ಸರ್ಕಾರಿ ವಿಮೆ, ನೋಡ್ಕೊಳ್ಳುತ್ತೆ ಅನ್ನೋದು 2010ರ ಆರೋಗ್ಯ ವಿಮೆ ಕಾನೂನಿನ (ಒಬಾಮಾಕೇರ್) ಎಣಿಕೆ. 2012ರಲ್ಲಿ ಸುಪ್ರೀಂ ಕೋರ್ಟು ಮೆಡಿಕೇಡನ್ನ ಹೀಗೆ ವಿಸ್ತರಿಸೋದನ್ನ ರಾಜ್ಯಗಳ ಇಷ್ಟಕ್ಕೆ ಬಿಡ್ತು. ಟೆಕ್ಸಸ್ ಒಪ್ಪಲಿಲ್ಲ. ಹಾಗಾಗಿ ಮಕ್ಕಳಿಲ್ಲದ, ಗಟ್ಟಿಮುಟ್ಟಾಗಿರೋ 40 ವರ್ಷದ ಕೂಲಿಯವನಿಗೆ ಅದೂ ಇಲ್ಲ, ಇದೂ ಇಲ್ಲ. ಕಂಪನಿ ವಿಮೆ ಇಲ್ಲದ, ಇವನ ಎರಡರಷ್ಟು ದುಡಿಯೋನಿಗೆ ಸಬ್ಸಿಡಿ ಇದೆ! ಇದು ಶುದ್ಧ ಅನ್ಯಾಯ.

ಅವನ ವಾರದ ಪೇ ಸ್ಲಿಪ್ ನೋಡಿ. ಸಂಬಳ 290. ಸೋಶಿಯಲ್ ಸೆಕ್ಯುರಿಟಿಗೆ, ಅಂದ್ರೆ ಸರ್ಕಾರಿ ಪಿಂಚಣಿಗೆ, 17.98 ಕಡಿತ. ಅದರ ಕೆಳಗೇ ಮೆಡಿಕೇರ್‌ಗೆ ಸುಮಾರು 4.20. ಮುಖ್ಯವಾಗಿ 65 ದಾಟಿದವರಿಗಿರೋ ವಿಮೆಗೆ ಪ್ರತಿ ವಾರ ದುಡ್ಡು ಕೊಡ್ತಾನೆ, ತನಗೆ ಮಾತ್ರ ವಿಮೆಯಿಲ್ಲ.

ಗಂಟೆಗೆ 28 ಸೆಂಟ್ ಜಾಸ್ತಿ ಸಿಕ್ರೆ, ಇಲ್ಲಾ ವರ್ಷದಲ್ಲಿ 79 ಗಂಟೆ ಹೆಚ್ಚು ಕೆಲಸ ಸಿಕ್ರೆ ರೇಖೆ ದಾಟಬಹುದು. ಸಬ್ಸಿಡಿ ಅರ್ಜಿಯಲ್ಲಿ ಕೇಳೋದು ವಿಮೆ ಬೇಕಾದ ವರ್ಷದ ಅಂದಾಜು ಆದಾಯ. ಟಿಪ್ಸ್, ಓವರ್‌ಟೈಮ್, ವಾರಾಂತ್ಯದ ಇನ್ನೊಂದು ಕೆಲಸ, ಎಲ್ಲಾ ಸೇರುತ್ತೆ. ಬರೆಯೋದು ಮರೆತ್ರೆ ಅರ್ಹತೆ ಇದ್ದೂ ಕೈತಪ್ಪುತ್ತೆ. ಹಾಗಂತ ಸುಳ್ಳು ಬರೀಬಾರದು, ಸಹಿ ಹಾಕೋ ಕಾಗದ ಅದು.

ದಾಟೋಕೇ ಆಗದಿದ್ರೆ? ಎದೆನೋವು ಅಂತ ಎಮರ್ಜೆನ್ಸಿಗೆ ಹೋದ್ರೆ ವಾಪಸ್ ಕಳಿಸೋ ಹಾಗಿಲ್ಲ, 1986ರ ಕಾನೂನಿದೆ. ಬಿಲ್ಲು ಮಾತ್ರ ಆಮೇಲೆ ಮನೆಗೇ ಬರುತ್ತೆ. ಬಿಪಿ, ಶುಗರ್‌ನ ತಿಂಗಳು ತಿಂಗಳ ತಪಾಸಣೆ ಅಲ್ಲಿ ಆಗೋದೂ ಇಲ್ಲ. ಅದಕ್ಕೆ ಕೇಂದ್ರದ ಅನುದಾನ ಪಡೆಯೋ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗ್ಬೇಕು. ಪೇ ಸ್ಲಿಪ್ ಒಯ್ದು, ಕೌಂಟರಲ್ಲಿ 'ಸ್ಲೈಡಿಂಗ್ ಫೀ' (ಆದಾಯ ನೋಡಿ ಹಾಕೋ ಶುಲ್ಕ) ಅಂತಲೇ ಕೇಳ್ಬೇಕು. ರೇಖೆಗಿಂತ ಕೆಳಗಿರೋರಿಗೆ ಅಲ್ಲಿ ಪೂರ್ತಿ ಮಾಫಿ, ಇಲ್ಲಾ ನಾಮಮಾತ್ರದ ಶುಲ್ಕ.