ನೆಲ ಒಬ್ಬರದು, ನೆಲದೊಡಲು ಇನ್ನೊಬ್ಬರದು: ಖನಿಜ ಹಕ್ಕಿನ ಕಾನೂನು ಹೇಗೆ ಬದಲಾಗಬೇಕು?

ಗೋವಾದಲ್ಲಿ ನೆಲೆಸಿರುವ ಕನ್ನಡ ಕೇಳುಗರಿಗೆ ನಮಸ್ಕಾರ. ಇಂದು ನಾನು ಮಾತನಾಡಲಿರುವುದು ಭೂಮಿಯ ಒಡೆತನದಿಂದ ಬೇರ್ಪಟ್ಟ ಖನಿಜದ ಒಡೆತನದ ಬಗ್ಗೆ, ಮತ್ತು ಅದಕ್ಕೆ ಸಂಬಂಧಿಸಿದ ಕಾನೂನಿನಲ್ಲಿ ಆಗಬೇಕಾದ ಬದಲಾವಣೆಗಳ ಬಗ್ಗೆ.

ಬಿಚೋಲಿಂ, ಸತ್ತರಿ, ಸಾಂಗೆ, ಧಾರಬಾಂದೋಡಾ ತಾಲೂಕುಗಳಲ್ಲಿ ಜಾಗ ಕೊಳ್ಳಲು ಹೋದವರ ಕೈಗೆ ಮೊದಲು ಬರುವ ಕಾಗದ ಒಂದು ಮತ್ತು ಹದಿನಾಲ್ಕನೇ ನಮೂನೆ. ನಮ್ಮ ಊರ ಕಡೆಯ ಪಹಣಿ ಅಥವಾ ಉತಾರಕ್ಕೆ ಸಮನಾದ ದಾಖಲೆ ಅದು. ಅದನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಸರ್ವೆ ನಂಬರು, ಹಿಸ್ಸಾ, ಜಿರಾಯಿತ, ಬಾಗಾಯಿತ, ಭತ್ತದ ಗದ್ದೆ, ಖಾಜನ್, ಕೇರ್, ಮೊರೊಡ್ ಎಂದು ನೆಲದ ಬಗೆಗಳನ್ನೆಲ್ಲ ವಿಂಗಡಿಸಿ ವಿಸ್ತೀರ್ಣ ಬರೆದಿರುತ್ತಾರೆ. ಕಬ್ಜೆದಾರರ ಹೆಸರಿಗೆ ಒಂದು ಕಲಮು, ಗೇಣಿದಾರರ ಹೆಸರಿಗೆ ಇನ್ನೊಂದು, ದಾರಿ, ಬಾವಿ, ಮನೆಯಂಥ ಇತರ ಹಕ್ಕುಗಳಿಗೆ ಮತ್ತೊಂದು ಕಲಮು ಇರುತ್ತದೆ. ಆದರೆ ಆ ನೆಲದಡಿಯಲ್ಲಿರುವ ಅದಿರು ಯಾರದು, ಅದನ್ನು ಅಗೆಯುವ ಗುತ್ತಿಗೆ ಯಾರಿಗಾದರೂ ಆಗಿದೆಯೇ, ಆಗಿದ್ದರೆ ಎಲ್ಲಿಯವರೆಗೆ ಎಂಬುದಕ್ಕೆ ಅಲ್ಲಿ ಒಂದು ಕಲಮೂ ಇಲ್ಲ. ಅದೇ ಸರ್ವೆ ನಂಬರಿನ ಮೇಲೆ ಗಣಿ ಇಲಾಖೆಯ ನಕ್ಷೆಯಲ್ಲಿ ಗುತ್ತಿಗೆಯ ಗಡಿರೇಖೆ ಹಾದುಹೋಗಿರಬಹುದು. ಕೊಳ್ಳುವವರಿಗೆ ಅದು ತಿಳಿಯುವುದು, ಎಷ್ಟೋ ಸಲ, ಹಣ ಕೊಟ್ಟು ಕ್ರಯಪತ್ರ ನೋಂದಾಯಿಸಿಕೊಂಡ ಮೇಲೆಯೇ.

ಹೀಗೆ ನೆಲ ಬೇರೆ, ಅದರ ಒಡಲು ಬೇರೆ ಎಂದಾದದ್ದು ಗೋವಾದಲ್ಲಿ ಇಂದು ನಿನ್ನೆಯ ಸಂಗತಿಯಲ್ಲ. ಪೋರ್ಚುಗೀಸರು 1906ರ ಸೆಪ್ಟೆಂಬರ್ 20ರಂದು ಹೊರಡಿಸಿದ ಗಣಿ ಕಾನೂನಿನಂತೆ ಇಲ್ಲಿ ಗಣಿ ರಿಯಾಯಿತಿಗಳನ್ನು, ಅಂದರೆ ಅದಿರು ಅಗೆಯುವ ಹಕ್ಕುಗಳನ್ನು, ಕೊಟ್ಟರು. ಅವುಗಳಿಗೆ ಕಾಲಮಿತಿ ಎಂಬುದೇ ಇರಲಿಲ್ಲ. ನಿಗದಿತ ಷರತ್ತುಗಳನ್ನು ಪಾಲಿಸುತ್ತ ಹೋದರೆ ರಿಯಾಯಿತಿ ಪಡೆದ ಮನೆತನ ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಬಹುದಿತ್ತು. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು, 1963ರಲ್ಲಿ ನಮ್ಮ 1957ರ ಗಣಿ ಮತ್ತು ಖನಿಜ ಕಾಯಿದೆ ಇಲ್ಲಿಗೂ ಅನ್ವಯವಾಯಿತು. ಆದರೂ ಆ ಹಳೆಯ ರಿಯಾಯಿತಿಗಳು ರದ್ದಾಗಿ ಸಾಮಾನ್ಯ ಗಣಿ ಗುತ್ತಿಗೆಗಳಾಗಿ ಮಾರ್ಪಡಲು ಸಂಸತ್ತು 1987ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅಲ್ಲಿಂದ ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಆ ಗುತ್ತಿಗೆಗಳ ಅವಧಿ 2007ರ ನವೆಂಬರ್ 22ಕ್ಕೇ ಮುಗಿದಿತ್ತು, ಅದರ ನಂತರ ಅಗೆದದ್ದೆಲ್ಲ ಕಾನೂನುಬಾಹಿರ ಎಂದು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 21ರಂದು ತೀರ್ಪು ಕೊಟ್ಟಿತು. ಆ ಬಳಿಕ ರಾಜ್ಯ ಸರ್ಕಾರ ಮಾಡಿದ 88 ಗುತ್ತಿಗೆಗಳ ನವೀಕರಣವನ್ನು 2018ರ ಫೆಬ್ರವರಿ 7ರಂದು ರದ್ದುಪಡಿಸಿತು. 2018ರ ಮಾರ್ಚ್ ತಿಂಗಳ ಮಧ್ಯದಲ್ಲಿ ಗಣಿಗಳು ನಿಂತಾಗ ನಮ್ಮವರಲ್ಲಿ ಎಷ್ಟೋ ಜನ ಟಿಪ್ಪರ್ ಚಾಲಕರು, ಗ್ಯಾರೇಜಿನವರು, ಜೆಟ್ಟಿಯ ಕೂಲಿಗಳು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು.

ಈ ತೀರ್ಪುಗಳ ಚರ್ಚೆಯೆಲ್ಲ ಸರ್ಕಾರ ಮತ್ತು ಗುತ್ತಿಗೆದಾರರ ನಡುವಿನ ವ್ಯಾಜ್ಯವಾಗಿಯೇ ನಡೆಯಿತು. ಗಣಿಯ ಮೇಲಿನ ನೆಲದವರು ಆ ಚರ್ಚೆಯ ಅಂಚಿನಲ್ಲಿ ಉಳಿದರು. ಆ ನೆಲದವರೂ ಒಬ್ಬರಲ್ಲ. ಗೋವಾದ ಒಂದು ತುಂಡು ಜಮೀನನ್ನು ತೆಗೆದುಕೊಳ್ಳಿ: ಮಣ್ಣಿನ ಒಡೆತನ ಊರಿನ ಕೊಮುನಿದಾದಿಗೋ (ಊರವರ ಸಾಮೂಹಿಕ ಭೂಸಂಸ್ಥೆ) ಒಬ್ಬ ಭಾಟ್ಕಾರನಿಗೋ (ಜಮೀನ್ದಾರ) ಸೇರಿರುತ್ತದೆ. ಅದರಲ್ಲಿ ಗದ್ದೆ ಮಾಡುವ ಕುಳ ಬೇರೆ, ಅವನಿಗೆ 1964ರ ಗೇಣಿ ಕಾಯಿದೆಯ ರಕ್ಷಣೆ. ಅಲ್ಲೇ ಮನೆ ಕಟ್ಟಿಕೊಂಡು ಕೂತ ಮುಂಡ್ಕಾರ ಬೇರೆ, ಅವನಿಗೆ 1975ರ ಕಾಯಿದೆಯ ರಕ್ಷಣೆ. ಇವರೆಲ್ಲರ ಅಡಿಯಲ್ಲಿ ಅದಿರು, ಅದರ ಮೇಲೆ ಸರ್ಕಾರದ ಹಿಡಿತ, ಆ ಹಿಡಿತದಿಂದ ಹುಟ್ಟಿದ ಗುತ್ತಿಗೆದಾರನ ಹಕ್ಕು. ಮಯೆಂ ಗ್ರಾಮದಲ್ಲಂತೂ ಜನ ತಲೆಮಾರುಗಳಿಂದ ವಾಸಿಸುತ್ತಿದ್ದರೂ ಊರಿನ ಬಹುಪಾಲು ಭೂಮಿ ನಿರ್ವಸಿತರ, ಅಂದರೆ ಬಿಟ್ಟುಹೋದವರ, ಆಸ್ತಿಯೆಂದು ದಶಕಗಟ್ಟಲೆ ಸರ್ಕಾರದ ವಶದಲ್ಲಿತ್ತು. ಅಲ್ಲಿನವರಿಗೆ ಕಾಲ ಕೆಳಗಿನ ಅದಿರಿನ ಮಾತು ಹಾಗಿರಲಿ, ಕಾಲಿಟ್ಟ ಮಣ್ಣಿನ ಹಕ್ಕುಪತ್ರಕ್ಕೇ ಹೋರಾಡಬೇಕಾಯಿತು. 2022ರ ಡಿಸೆಂಬರಿನಿಂದ ಹೊಸ ಗಣಿ ಬ್ಲಾಕುಗಳ ಹರಾಜು ಆರಂಭವಾದಾಗ, ಬ್ಲಾಕಿನ ಗಡಿಯೊಳಗೆ ನಮ್ಮ ಮನೆ, ಗದ್ದೆ, ದೇವಸ್ಥಾನಗಳು ಸೇರಿಬಿಟ್ಟಿವೆ ಎಂದು ಈ ಭಾಗದ ಹಳ್ಳಿಗಳವರು ಆಕ್ಷೇಪ ಎತ್ತಿದ್ದಕ್ಕೆ ಕಾರಣ ಇದೇ.

ದೇಶದ ಉಳಿದೆಡೆ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಕರ್ನಾಟಕ ಭೂಕಂದಾಯ ಕಾಯಿದೆಯ 70ನೇ ಕಲಂ ಗಣಿ ಮತ್ತು ಖನಿಜಗಳ ಹಕ್ಕನ್ನು ಸರ್ಕಾರಕ್ಕೆ ಕೊಡುತ್ತದೆ. ಮಹಾರಾಷ್ಟ್ರದ ಭೂಕಂದಾಯ ಸಂಹಿತೆಯ 48ನೇ ಕಲಮಿನಲ್ಲಿಯೂ ಅದೇ ಬಗೆಯ ಮಾತಿದೆ. ಬಾಗಲಕೋಟೆ, ಗದಗ, ಬಳ್ಳಾರಿ ಕಡೆ ಜಮೀನು ಬಿಟ್ಟು ಬಂದಿರುವ ನಮ್ಮವರು ಇದನ್ನು ತಿಳಿದಿರಬೇಕು. ಆದರೆ ಕೇರಳದ ಮಲಬಾರಿನ ಜನ್ಮಿಗಳ, ಅಂದರೆ ವಂಶಪಾರಂಪರ್ಯ ಭೂಮಾಲೀಕರ, ಜಮೀನುಗಳ ಮೊಕದ್ದಮೆಯೊಂದರಲ್ಲಿ, 2013ರ ಜುಲೈ 8ರಂದು, ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಬೇರೆಯೇ ನಿಲುವು ತಳೆಯಿತು. ಯಾವುದಾದರೂ ಸಿಂಧುವಾದ ಕಾನೂನಿನ ಮೂಲಕ ಕಸಿದುಕೊಂಡಿರದ ಹೊರತು ನೆಲದಡಿಯ ಖನಿಜದ ಒಡೆತನ ಸಾಮಾನ್ಯವಾಗಿ ನೆಲದ ಒಡೆತನವನ್ನೇ ಹಿಂಬಾಲಿಸುತ್ತದೆ ಎಂದು ಅದು ಹೇಳಿತು. 1957ರ ಕಾಯಿದೆ ಗಣಿಗಾರಿಕೆಯನ್ನು ನಿಯಂತ್ರಿಸುತ್ತದೆಯೇ ಹೊರತು ದೇಶದ ಖನಿಜವನ್ನೆಲ್ಲ ಸರ್ಕಾರದ ಒಡೆತನಕ್ಕೆ ತರುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ಒಂದು ಜಮೀನಿನ ಖನಿಜ ಯಾರದೆಂದು ತಿಳಿಯಲು ಆ ಜಮೀನಿನ ಇತಿಹಾಸವನ್ನೇ ಕೆದಕಬೇಕು: ಅದು ಜಮೀನ್ದಾರಿಯೋ, ಇನಾಮೋ, ಜನ್ಮವೋ, ರೈತವಾರಿಯೋ, ಪೋರ್ಚುಗೀಸ್ ರಿಯಾಯಿತಿಗೆ ಒಳಪಟ್ಟದ್ದೋ. ಸಾಮಾನ್ಯ ರೈತನೊಬ್ಬ ಇದನ್ನು ಪತ್ತೆಹಚ್ಚಲಾರ. ಪತ್ತೆಹಚ್ಚಲಾಗದ ಹಕ್ಕು ಜಮೀನಿನ ಮೇಲೆ ಕೂತಿರುವುದಕ್ಕೆ ಕಾನೂನು ಅವಕಾಶ ಕೊಡಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಈ ಮಾತನ್ನು ತಪ್ಪು ತಿಳಿಯಬಾರದು. ಅದಿರನ್ನು ನೆಲದ ಮಾಲೀಕರಿಗೆ ಹಿಂದಿರುಗಿಸಿ ಎಂದು ನಾನು ವಾದಿಸುತ್ತಿಲ್ಲ. ಹಾಗೆ ಮಾಡಿದರೆ ಲಾಭವಾಗುವುದು ದೊಡ್ಡ ಹಿಡುವಳಿದಾರರಿಗೆ. ಕುಳನಿಗೂ ಮುಂಡ್ಕಾರನಿಗೂ ಬಿಡಿಗಾಸು ಸಿಗುವುದಿಲ್ಲ. ಖನಿಜ ಒಮ್ಮೆ ಅಗೆದರೆ ಮತ್ತೆ ಬೆಳೆಯದ ಸಾರ್ವಜನಿಕ ಸಂಪತ್ತು, ಅದರ ಫಲ ಮುಂದಿನ ಪೀಳಿಗೆಗೂ ಉಳಿಯಬೇಕು. 2014ರ ತೀರ್ಪಿನಲ್ಲಿಯೇ ಗೋವಾದ ಅದಿರಿನ ಮಾರಾಟದ ಹಣದ ಶೇಕಡಾ 10ರಷ್ಟನ್ನು ಶಾಶ್ವತ ನಿಧಿಯೊಂದಕ್ಕೆ ತೆಗೆದಿಡಬೇಕೆಂದು ನ್ಯಾಯಾಲಯ ಹೇಳಿದ್ದು ಈ ದೃಷ್ಟಿಯಿಂದ ಬಹಳ ದೊಡ್ಡ ಹೆಜ್ಜೆ. ನನ್ನ ತಕರಾರು ಬೇರ್ಪಡಿಸಿದ್ದರ ಬಗ್ಗೆ ಅಲ್ಲ, ಬೇರ್ಪಡಿಸಿದ ಹಕ್ಕು ಕಾಗದದಲ್ಲಿ ಕಾಣದೆ ಇರುವುದರ ಬಗ್ಗೆ ಮತ್ತು ಅದು ಕೊನೆಯಿಲ್ಲದೆ ಉಳಿಯುವುದರ ಬಗ್ಗೆ.

ಗುತ್ತಿಗೆದಾರ ನೆಲದ ಮೇಲೆ ಕಾಲಿಡುವ ಬಗೆಯನ್ನು ಕಾನೂನು ಹೇಗೆ ಬರೆದಿದೆ ಎಂಬುದನ್ನು ಹತ್ತಿರದಿಂದ ನೋಡೋಣ. 1957ರ ಕೇಂದ್ರ ಕಾಯಿದೆಯ 24ಎ ಕಲಮಿನಂತೆ ಗುತ್ತಿಗೆ ಮಂಜೂರಾದೊಡನೆ ಗುತ್ತಿಗೆದಾರ ಆ ಪ್ರದೇಶವನ್ನು ಪ್ರವೇಶಿಸಿ ಕೆಲಸ ನಡೆಸುವುದು ನ್ಯಾಯಸಮ್ಮತ. ಮನೆಯೊಳಗೆ ಅಥವಾ ಮನೆಗೆ ಹೊಂದಿದ ಅಂಗಳ, ತೋಟಕ್ಕೆ ಕಾಲಿಡಲು ಮಾತ್ರ ಅಲ್ಲಿ ವಾಸವಿರುವವರ ಒಪ್ಪಿಗೆ ಬೇಕು, ಒಪ್ಪಿಗೆ ಇಲ್ಲದಿದ್ದರೆ ಕನಿಷ್ಠ ಏಳು ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಏಳು ದಿನ! ಭತ್ತದ ಸಸಿಮಡಿ ನಾಟಿಗೆ ಬರಲೂ ಅದಕ್ಕಿಂತ ಹೆಚ್ಚು ದಿನ ಬೇಕು. ಗದ್ದೆಗೆ ಇಳಿಯಲು ಈ ನೋಟಿಸು ಕೂಡ ಕಡ್ಡಾಯವಲ್ಲ. ನಷ್ಟಕ್ಕೆ ಪರಿಹಾರ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ ನಿಜ; ಆದರೆ 1960ರ ಖನಿಜ ರಿಯಾಯಿತಿ ನಿಯಮಗಳು ಸಾಗುವಳಿ ಭೂಮಿಯ ವಾರ್ಷಿಕ ಪರಿಹಾರಕ್ಕೆ ಇಟ್ಟಿದ್ದ ಅಳತೆಗೋಲು, ಅಂಥದ್ದೇ ಜಮೀನಿನಿಂದ ಹಿಂದಿನ ಮೂರು ವರ್ಷಗಳಲ್ಲಿ ಬಂದ ಸರಾಸರಿ ನಿವ್ವಳ ಆದಾಯ. ಸಣ್ಣ ಹಿಡುವಳಿಯ ಭತ್ತದಲ್ಲಿ ನಿವ್ವಳ ಆದಾಯ ಎಷ್ಟು ಎಂಬುದು ಗದ್ದೆ ಮಾಡಿದವರಿಗೆ ಗೊತ್ತು. ಆ ಗದ್ದೆಯಿಂದ ಮನೆಯ ಅಕ್ಕಿ, ದನದ ಹುಲ್ಲು, ಮಳೆಗಾಲ ಮುಗಿದ ಮೇಲಿನ ತರಕಾರಿ ಎಲ್ಲ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಆದಾಯವಾಗಿ ಕಾಣುವುದಿಲ್ಲ.

ಇನ್ನು ಗಡಿಯ ಹೊರಗಿನವರ ಪಾಡು. ಗೋವಾದಲ್ಲಿ ಒಂದು ಟನ್ ಅದಿರು ತೆಗೆಯಲು ಸುಮಾರು ಎರಡೂವರೆಯಿಂದ ಮೂರು ಟನ್ ಕೆಲಸಕ್ಕೆ ಬಾರದ ಮಣ್ಣನ್ನು ಅಗೆದು ಹಾಕಬೇಕು. ಆ ಮಣ್ಣಿನ ರಾಶಿಗಳು ಎಷ್ಟೋ ಕಡೆ ಗುತ್ತಿಗೆಯ ಗಡಿ ದಾಟಿ ಖಾಸಗಿ ಜಮೀನಿನಲ್ಲಿ ಬಿದ್ದವು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕೆಂಪು ನೀರು ಹರಿದು ಕೆಳಗಿನ ಗದ್ದೆಯ ಒಡ್ಡು ತುಂಬಿ, ಕೆಸರು ಒಣಗಿದ ಮೇಲೆ ನೆಲ ಸಿಮೆಂಟಿನಂತೆ ಗಟ್ಟಿಯಾಗುವುದನ್ನು ಈ ಭಾಗದಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ. ಗುತ್ತಿಗೆ ಪ್ರದೇಶದ ಹೊರಗೆ ಮಣ್ಣು ಸುರಿಯುವಂತಿಲ್ಲ ಎಂದು 2014ರ ತೀರ್ಪು ಹೇಳಿತು. ಆದರೆ ಒಬ್ಬರ ನೆಲದಡಿಯಿಂದ ತೆಗೆದ ಮಣ್ಣು ಇನ್ನೊಬ್ಬರ ನೆಲದ ಮೇಲೆ ದಶಕಗಳಿಂದ ಬಿದ್ದಿರುವಾಗ, ಆ ರಾಶಿಯಲ್ಲಿ ಉಳಿದ ಅದಿರಿನ ಬೆಲೆಯಲ್ಲಿ ಆ ನೆಲದವರಿಗೆ ಪಾಲುಂಟೇ, ರಾಶಿ ತೆಗೆದ ಮೇಲೆ ನೆಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರು ಎಂಬುದನ್ನು ಶಾಸನವೇ ಸ್ಪಷ್ಟವಾಗಿ ಬರೆದಿಡಬೇಕು.

1957ರ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಿಂದ, ಗಣಿಬಾಧಿತರ ಒಳಿತಿಗೆಂದು ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಈ ಪ್ರಶ್ನೆಗೆ ಉತ್ತರವೆಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಕಬ್ಬಿಣದ ಅದಿರಿಗೆ ರಾಜಧನ (ಗುತ್ತಿಗೆದಾರ ಸರ್ಕಾರಕ್ಕೆ ಕೊಡುವ ರಾಯಲ್ಟಿ) ಸರಾಸರಿ ಮಾರಾಟ ಬೆಲೆಯ ಶೇಕಡಾ 15, ಹರಾಜಿನಿಂದ ಬಂದ ಗುತ್ತಿಗೆಯಲ್ಲಿ ಪ್ರತಿಷ್ಠಾನಕ್ಕೆ ಸೇರುವುದು ಆ ರಾಜಧನದ ಶೇಕಡಾ 10. ಅಂದರೆ 100 ರೂಪಾಯಿಯ ಅದಿರಿಗೆ ಒಂದೂವರೆ ರೂಪಾಯಿ. ಅದೂ ಇಡೀ ಪ್ರದೇಶದ ರಸ್ತೆ, ಶಾಲೆ, ಕುಡಿಯುವ ನೀರಿಗೆ. ಅದು ಒಳ್ಳೆಯದೇ, ಆದರೆ ಗದ್ದೆ ಕಳೆದುಕೊಂಡ ಕುಳನ ನಷ್ಟ ಅದರಿಂದ ತುಂಬುವುದಿಲ್ಲ.

ಕೊನೆಯಿಲ್ಲದ ಹಕ್ಕಿನ ವಿಷಯದಲ್ಲಿ ಬೇರೆ ದೇಶಗಳು ನಡೆದ ದಾರಿ ಗಮನಿಸತಕ್ಕದ್ದು. ಅಮೆರಿಕದಲ್ಲಿ ನೆಲ ಮಾರಿ ಖನಿಜವನ್ನು ತಮ್ಮಲ್ಲೇ ಉಳಿಸಿಕೊಳ್ಳುವ ರೂಢಿ ಬಹಳ ಹಳೆಯದು. 1916ರ ಒಂದು ಕಾನೂನಿನಡಿ ಅಲ್ಲಿನ ಕೇಂದ್ರ ಸರ್ಕಾರವೇ ದನ ಸಾಕುವವರಿಗೆ ನೆಲ ಕೊಟ್ಟು ಅಡಿಯ ಖನಿಜವನ್ನೆಲ್ಲ ತನ್ನಲ್ಲಿ ಇಟ್ಟುಕೊಂಡಿತು. ಖಾಸಗಿಯವರ ನಡುವೆ ಹೀಗೆ ಬೇರ್ಪಟ್ಟ ಹಕ್ಕುಗಳು ಮೊಮ್ಮಕ್ಕಳು, ಮರಿಮಕ್ಕಳ ನಡುವೆ ಚೂರುಚೂರಾಗಿ, ಯಾರದೆಂದೇ ತಿಳಿಯದಂತಾದಾಗ ಇಂಡಿಯಾನಾ ರಾಜ್ಯ 1971ರಲ್ಲಿ ಒಂದು ಕಾನೂನು ಮಾಡಿತು. 20 ವರ್ಷ ಬಳಸದೆ ಬಿಟ್ಟ ಖನಿಜ ಹಕ್ಕು, ಅದರ ಒಡೆಯ ನೋಂದಣಿ ಕಚೇರಿಯಲ್ಲಿ ತನ್ನ ಹಕ್ಕುಸಾಧನೆಯ ಹೇಳಿಕೆ ದಾಖಲಿಸದಿದ್ದರೆ, ನೆಲದ ಮಾಲೀಕನಿಗೆ ಸೇರುತ್ತದೆ. ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡಂತಾಯಿತು ಎಂಬ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ, ಐದು ನಾಲ್ಕರ ಅಲ್ಪ ಬಹುಮತದಿಂದ, ತಳ್ಳಿಹಾಕಿತು. ಕೆಂಟಕಿಯಲ್ಲಿ ಅಜ್ಜಂದಿರ ಕಾಲದ ಕಲ್ಲಿದ್ದಲು ಪತ್ರಗಳನ್ನು ತೋರಿಸಿ ಇಂದಿನ ಯಂತ್ರಗಳಿಂದ ಗುಡ್ಡಗಳನ್ನೇ ಬಗೆಯತೊಡಗಿದಾಗ, ಜನ 1988ರಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿ, ಪತ್ರ ಬರೆದ ಕಾಲಕ್ಕೆ ಆ ಪ್ರದೇಶದಲ್ಲಿ ರೂಢಿಯಲ್ಲಿದ್ದ ವಿಧಾನಕ್ಕಷ್ಟೇ ಆ ಹಕ್ಕು ಸೀಮಿತವೆಂದು ಬರೆದರು. ಇಂಗ್ಲೆಂಡಿನಲ್ಲಿ ಹಳೆಯ ಜಮೀನ್ದಾರಿ ಮನೆತನಗಳ ಖನಿಜ ಹಕ್ಕುಗಳನ್ನು 2013ರ ಅಕ್ಟೋಬರ್ 13ರೊಳಗೆ ಭೂದಾಖಲೆಯಲ್ಲಿ ನಮೂದಿಸಿಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಕೊಳ್ಳುವವರ ಮೇಲೆ ಅವು ನಿಲ್ಲುವ ಭರವಸೆಯಿಲ್ಲ ಎಂದು ಕಾನೂನು ಗಡುವು ಕೊಟ್ಟಿತ್ತು.

ನಮ್ಮಲ್ಲಿಯೂ ಇದರ ಬೀಜವಿದೆ. ಎರಡು ವರ್ಷ ಕೆಲಸ ನಡೆಸದ ಗಣಿ ಗುತ್ತಿಗೆ ರದ್ದಾಗುತ್ತದೆ ಎಂದು 1957ರ ಕಾಯಿದೆಯ 4ಎ ಕಲಂ ಹೇಳುತ್ತದೆ, 2015ರ ನಂತರದ ಗುತ್ತಿಗೆಗಳಿಗೆ 50 ವರ್ಷದ ಮಿತಿಯೂ ಇದೆ. ಆದರೆ ರದ್ದಾದ ಸಂಗತಿ ರೈತನ ಉತಾರಕ್ಕೆ ಇಳಿಯಬೇಕು. ಗುತ್ತಿಗೆ ಮಂಜೂರಾದ ದಿನವೇ ತಹಶೀಲ್ದಾರ್ ಕಚೇರಿಯಿಂದ ಆಯಾ ಸರ್ವೆ ನಂಬರಿನ ಮುಂದೆ ಗುತ್ತಿಗೆದಾರನ ಹೆಸರು, ಅವಧಿ, ಗಡಿ ನಮೂದಾಗಬೇಕು; ಅವಧಿ ಮುಗಿದ ದಿನ ಅದು ತಾನಾಗಿ ಅಳಿಯಬೇಕು, ಅಳಿದದ್ದಕ್ಕೆ ನೆಲದವರ ಕೈಗೆ ಒಂದು ಪತ್ರ ಬರಬೇಕು. ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲ ಕಾಣುವಂತೆ ಗಣಿ ಗುತ್ತಿಗೆಯೂ ಕಾಣಬೇಕು. ಖಾಸಗಿಯವರ ಕೈಯಲ್ಲಿ ಖನಿಜ ಉಳಿದಿರುವ ಕಡೆ, ಇಂತಿಷ್ಟು ವರ್ಷದೊಳಗೆ ನೋಂದಾಯಿಸದ ಹಕ್ಕು ಸಾರ್ವಜನಿಕರದಾಗಲಿ.

ಇದು ಈಗ ಇನ್ನಷ್ಟು ತುರ್ತಾಗಿದೆ. 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೂ ಖನಿಜವಿರುವ ಭೂಮಿಯ ಮೇಲೂ ರಾಜ್ಯಗಳು ತೆರಿಗೆ ಹಾಕಬಹುದು ಎಂದು ಎಂಟು ಒಂದರ ಬಹುಮತದಿಂದ ಹೇಳಿತು. ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು ಭಿನ್ನ ತೀರ್ಪು. ನಾಳೆ ಯಾವುದಾದರೂ ರಾಜ್ಯ ಖನಿಜವಿರುವ ಭೂಮಿಗೆ ತೆರಿಗೆ ವಿಧಿಸಿದರೆ, ಅದಿರಿನ ಮೇಲೆ ಹಕ್ಕೇ ಇಲ್ಲದ ನೆಲದ ಮಾಲೀಕನ ಹೆಸರಿಗೆ ಬಿಲ್ಲು ಬರಬಾರದು. ಅದಕ್ಕೆ ದಾಖಲೆಯಲ್ಲಿ ಎರಡೂ ಹೆಸರು ಬೇರೆ ಬೇರೆಯಾಗಿ ಇರಲೇಬೇಕು.

ಶಾಸನ ಬದಲಾಗುವವರೆಗೆ, ಗಣಿ ತಾಲೂಕುಗಳಲ್ಲಿ ಜಾಗ ಅಥವಾ ಮನೆ ಕೊಳ್ಳಲಿರುವ ನಮ್ಮವರು ಸರ್ವೆ ನಂಬರು, ಹಿಸ್ಸಾ ನಂಬರು ಬರೆದು, ಈ ಜಾಗ ಯಾವುದಾದರೂ ಹಳೆಯ ಗುತ್ತಿಗೆ ಅಥವಾ ಹರಾಜಾದ ಬ್ಲಾಕಿನ ಗಡಿಯೊಳಗೆ ಬರುತ್ತದೆಯೇ ಎಂದು ಪಣಜಿಯ ಗಣಿ ಮತ್ತು ಭೂವಿಜ್ಞಾನ ನಿರ್ದೇಶನಾಲಯಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರ ಲಿಖಿತವಾಗಿ ಕೈಸೇರಿದ ಮೇಲೆಯೇ ಮುಂಗಡ ಹಣ ಕೊಡಿ. ನಮಸ್ಕಾರ.