ಕಾರವಾರ ಗೋವಾ ಆಗೋದು ಬೇಡ ಮಾರಾಯ್ರೇ

ನಮಸ್ಕಾರ. ಹೋದ ವಾರದ ವಿಡಿಯೋಕ್ಕೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಟ್ಯಾಗೋರ್ ಬೀಚಿನಲ್ಲಿ ಬಲೆ, ದೋಣಿ, ಮೀನಿನ ವಾಸನೆ. ಎಲ್ಲ ಎತ್ತಿಸಿ. ಖಾಲಿ ಬಿದ್ದ ಜಾಗಕ್ಕೆ ರೆಸಾರ್ಟ್ ಬರಲಿ. ಆಗ ನೋಡಿ, ಕಾರವಾರವೂ ಗೋವಾ ಆಗುತ್ತದೆ." ಅದಕ್ಕೆ ನನ್ನ ವಿಡಿಯೋಕ್ಕಿಂತ ಜಾಸ್ತಿ ಲೈಕು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸ್ವಾಮೀ, ಅದು ಖಾಲಿ ಜಾಗ ಅಲ್ಲ.

ರಂಪಣಿ ಅಂದರೆ ದಡದಿಂದಲೇ ಎಳೆಯುವ ದೊಡ್ಡ ಮೀನುಬಲೆ, ಅದನ್ನು ಎಳೆಯೋದನ್ನು ನೋಡಿದ್ದೀರಾ? ದೋಣಿಯವರು ಕಡಲಿನಲ್ಲಿ ಬಲೆಯನ್ನು ಸುತ್ತ ಹಾಕಿ ಬರುತ್ತಾರೆ. ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತದೆ. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರ ಬರುತ್ತವೆ. ಕೊನೆಗೆ ಮರಳಿನ ಮೇಲೆ ಬಾಂಗಡೆ, ತಾರ್ಲೆ ಪಟಪಟ ಅನ್ನುತ್ತವೆ. ಬುಟ್ಟಿ ಹಿಡಿದ ಹೆಂಗಸರು ಅಲ್ಲೇ ರೇಟು ಮಾತಾಡಿ ಮುಗಿಸುತ್ತಾರೆ. ಇಷ್ಟಕ್ಕೆ ಬೇಕಾದದ್ದು ಉದ್ದಕ್ಕೆ ಬಿದ್ದಿರುವ ಮರಳು. ಹಗ್ಗ ಎಳೆಯದ ಹೊತ್ತಿನಲ್ಲಿ ನೀವು ಬಂದು ಸೆಲ್ಫಿ ತೆಗೆದರೆ ಅದು ನಿಮಗೆ ಖಾಲಿ ಕಾಣುತ್ತದೆ. ನಿಮ್ಮ ಆಫೀಸನ್ನು ನಾನು ಭಾನುವಾರ ಬಂದು ನೋಡಿ, "ಯಾರೂ ಇಲ್ಲ, ಇಲ್ಲೊಂದು ಬಾರ್ ಹಾಕೋಣ" ಅಂದರೆ ಸುಮ್ನೆ ಇರುತ್ತೀರಾ?

ಈ ಮರಳು ಎಷ್ಟು ಉಳಿದಿದೆ ಅಂತಲೂ ಗೊತ್ತಿರಲಿ. 1986ರಲ್ಲಿ ಸೀಬರ್ಡ್‌ಗೆ, ಅಂದರೆ ನೌಕಾನೆಲೆ ಯೋಜನೆಗೆ ಶಂಕುಸ್ಥಾಪನೆ ಆಯಿತು. 2005ರಲ್ಲಿ ಆ ನೌಕಾನೆಲೆ ಐಎನ್‌ಎಸ್ ಕದಂಬ ಅನ್ನೋ ಹೆಸರಿನಲ್ಲಿ ಶುರುವಾಯಿತು. ಅಂಕೋಲಾ ಕಡೆಗಿನ ಕಡಲತೀರ ಬಹಳಷ್ಟು ಅದಕ್ಕೇ ಹೋಯಿತು. ದೇಶದ ರಕ್ಷಣೆ, ಅದರ ಮಾತು ಬೇರೆ. ನಿರಾಶ್ರಿತರ ಪರಿಹಾರದ ಕತೆಗೆ ಒಂದು ವಿಡಿಯೋ ಸಾಲೋದಿಲ್ಲ. ಆಮೇಲೆ ಬಂದರುಗಳನ್ನು ಬೆಳೆಸುವ ಕೇಂದ್ರದ ಸಾಗರಮಾಲಾ ಯೋಜನೆ ಬಂತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಅಂತ ಇದೇ ಬೀಚಿನ ಹತ್ತಿರ ಅಲೆ ತಡೆಗೋಡೆ ಕೆಲಸ ಶುರು ಮಾಡಿದರು. ಮೀನುಗಾರರು ಬೀದಿಗೆ ಇಳಿದರು, ಊರು ಜೊತೆಗೆ ನಿಂತಿತು, ಹೈಕೋರ್ಟ್ ತಡೆ ಕೊಟ್ಟಿತು. ಯಾಕೆ ಅಷ್ಟು ಸಿಟ್ಟು? ಊರಿಗೆ ಉಳಿದದ್ದೇ ಅಷ್ಟು ಅಂತ.

ಅದೇ ಬೀಚಿನಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಂ ಇದೆ. ಪಕ್ಕದಲ್ಲಿ ಟುಪೊಲೆವ್ ವಿಮಾನವನ್ನೂ ತಂದು ಇಟ್ಟಿದ್ದಾರೆ. ಮಕ್ಕಳಿಗೆ ಖುಷಿ, ನನಗೂ ಖುಷಿ, ನಾನೂ ಟಿಕೆಟ್ ತೆಗೆದು ಹತ್ತಿದವನೇ. ಆದರೆ ನೋಡಿ, ನೀರಿಗೆ ಇಳಿಯದ ಹಡಗಿಗೆ ಜಾಗ ಸಿಕ್ಕಿತು, ಹಾರದ ವಿಮಾನಕ್ಕೆ ಜಾಗ ಸಿಕ್ಕಿತು. ದಿನಾ ಕಡಲಿಗೆ ಹೋಗುವ ದೋಣಿ ಮಾತ್ರ ನಿಮ್ಮ ಕಣ್ಣಿಗೆ ಅಡ್ಡ!

ಇದು ಕಾರವಾರದ ಒಂದೇ ರೋಗ ಅಲ್ಲ. 1991ರ ಆರ್ಥಿಕ ಉದಾರೀಕರಣದ ಆಮೇಲೆ ದೇಶದ ಊರುಗಳನ್ನೆಲ್ಲ ನೋಡುವ ಕಣ್ಣೇ ಬದಲಾಯಿತು. ಸರ್ಕಾರದ ಕೆಲಸ ಊರು ನಡೆಸೋದಕ್ಕಿಂತ ಹೂಡಿಕೆ ಮಾಡುವವರನ್ನು ಕರೆಯೋದು ಅಂತಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗೆ ಅಧಿಕಾರ ಕೊಟ್ಟಿತು, ಕಾಗದದಲ್ಲಿ. ದುಡ್ಡು ಸಾಲವಾಗಿ ಬಂತು. 1999ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದ ಕರಾವಳಿ ಯೋಜನೆಯಲ್ಲಿ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಎಲ್ಲ ಇದ್ದವು. ನೀರು, ಒಳಚರಂಡಿ ಬೇಕಿತ್ತು, ಯಾರು ಬೇಡ ಅಂದರು? ಆದರೆ ಸಾಲದ ಜೊತೆ ಒಂದು ಪಾಠವೂ ಬಂತು. ಬಳಸಿದವನು ದುಡ್ಡು ಕೊಡಬೇಕು, ಜಾಗ ಆದಾಯ ತರಬೇಕು. ನಗರಗಳಿಗೆ ದುಡ್ಡು ಕೊಡುವ ಕೇಂದ್ರದ 2005ರ ನರ್ಮ್ ಯೋಜನೆಯಲ್ಲಿ ಇದೇ ಷರತ್ತಾಗಿ ಕೂತಿತು, ಒಬ್ಬರ ಕೈಯಲ್ಲಿ ಎಷ್ಟು ಖಾಲಿ ಜಾಗ ಇರಬಹುದು ಅಂತ ಮಿತಿ ಹಾಕಿದ್ದ ನಗರ ಭೂಮಿತಿ ಕಾಯ್ದೆಯನ್ನೂ ತೆಗೆಯಿರಿ ಅಂತ. ಈ ಲೆಕ್ಕದ ಪುಸ್ತಕದಲ್ಲಿ ರಂಪಣಿಗೆ ಕಾಲಂ ಇಲ್ಲ. ಕಾಲಂ ಇಲ್ಲ ಅಂದರೆ ಖಾಲಿ!

ಇಲ್ಲೊಂದು ಬ್ರೇಕ್. ನಮ್ಮ ಅತ್ತಿಗೆ ಮನೆಯಲ್ಲಿ ಮಾಡಿದ ಮುರುಗಲು ಶರಬತ್ತು, ಬಣ್ಣ ಹಾಕಿಲ್ಲ. ಲಿಂಕ್ ಕೆಳಗಿದೆ. ಇದಕ್ಕೆ ಹೂಡಿಕೆದಾರರು ಯಾರೂ ಇಲ್ಲ, ಅಣ್ಣ ಒಬ್ಬನೇ.

ಎಲ್ಲಿದ್ದೆ? ಹಾಂ, ಖಾಲಿ. ಫುಟ್‌ಪಾತೂ ಖಾಲಿ ಇರಬೇಕಂತೆ. ಕುತ್ತಿಗೆ ತುಂಬಾ ಮಣಿ ಸರ ಹಾಕಿದ ಹಾಲಕ್ಕಿ ಸಮುದಾಯದ ಅಮ್ಮ ಬೆಳಗಿನ ಬಸ್ಸಿಗೆ ಬಂದು ಹರಿವೆ ಸೊಪ್ಪು, ಮೊಗೆಕಾಯಿ, ಬಸಳೆ ಹರಡಿಕೊಂಡು ಕೂತಿರುತ್ತಾರೆ. ಎಬ್ಬಿಸುವವರ ಜೀಪು ಬಂದರೆ ಸೊಪ್ಪಿನ ಮೇಲೆ ಗೋಣಿ ಮುಚ್ಚಿ ಎದ್ದು ನಿಲ್ಲಬೇಕು. ಯಾವ ಊರು ಅಂತ ನಾನು ಹೇಳೋದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ಅದೇ ವ್ಯಾಪಾರಿಗಳಿರಬೇಕು. ಆ ಅಮ್ಮನಿಗೆ ಇದನ್ನು ಯಾರು ಹೇಳಿದ್ದಾರೆ? ನಾನು ಹೇಳಿದೆ. "ತಮಾ, ಸೊಪ್ಪು ಬೇಕಾ ಬೇಡ್ವಾ?" ಅಂದರು.

"ಟೂರಿಸಂ ಬಂದರೆ ಕೆಲಸ ಸಿಗುತ್ತದೆ." ಸಿಗುತ್ತದೆ ಮಾರಾಯ್ರೇ. ದೋಣಿ ಯಜಮಾನನ ಮಗನಿಗೆ ರೆಸಾರ್ಟ್ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ. ಅಪ್ಪ ಬೀಚಿಗೆ ಬಂದರೆ ಗುರುತಿನ ಚೀಟಿ ಕೇಳಬೇಕಾದವನೂ ಅವನೇ. ಎಂಥ ಪ್ರಗತಿ!

ಗೋವಾ ಗೋವಾ ಅನ್ನುತ್ತೀರಲ್ಲ, ಕಾಳಿ ಸೇತುವೆ ದಾಟಿ ದಿನಾ ಅಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರನ್ನು ಕೇಳಿ, ಅಲ್ಲಿ ಬಾಡಿಗೆ ಮನೆ ಯಾಕೆ ಮಾಡಿಲ್ಲ ಅಂತ. ಗೋವಾ ಸರ್ಕಾರದ ಬಾಂಬೋಳಿ ಆಸ್ಪತ್ರೆಗೆ ಹೋದವರನ್ನು ಕೇಳಿ. 2018ರ ಜನವರಿಯಿಂದ ಗೋವಾದವರಲ್ಲದ ರೋಗಿಗಳಿಗೆ ಶುಲ್ಕ ಹಾಕಿದರು. ಅವರ ರಾಜ್ಯ, ಅವರ ಲೆಕ್ಕ, ಬೈಯೋದಿಲ್ಲ. ಆದರೆ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಬೊಬ್ಬೆ ಹೊಡೆದಾಗ ಯಾರ ಕಣ್ಣಿಗೂ ಖಾಲಿ ಜಾಗ ಕಾಣಲಿಲ್ಲ. ರೆಸಾರ್ಟ್ ಅಂದರೆ ಮಾತ್ರ ಎಲ್ಲ ಕಡೆ ಖಾಲಿ!

"ನೀನು ಅಭಿವೃದ್ಧಿ ವಿರೋಧಿ" ಅಂತ ಬರೆಯುವವರು ಈಗಲೇ ಬರೆದುಬಿಡಿ. ಜಾಸ್ತಿ ಬರೆದರೆ ಯೂಟ್ಯೂಬ್ ನನ್ನನ್ನು ಜಾಸ್ತಿ ತೋರಿಸುತ್ತದೆ, ನನಗೇ ಲಾಭ. ನನ್ನ ಹತ್ತಿರ ಇನ್ನೂ ನಾಲ್ಕು ಕಾರಣ ಬರೆದುಕೊಂಡಿದ್ದೆ, ಹಾಳೆ ಫ್ಯಾನ್ ಗಾಳಿಗೆ ಕೆಳಗೆ ಬಿತ್ತು. ಬೇಡ ಬಿಡಿ. ಖಾಲಿ ಅಲ್ಲ. ಅಷ್ಟೇ. ಖಾಲಿ ಅಲ್ಲ ಅಂದರೆ ಅಲ್ಲ!

ಮುಂದಿನ ವಾರ ಆಸ್ತಿ ತೆರಿಗೆ, ಅದನ್ನು ಮಾರ್ಗಸೂಚಿ ದರಕ್ಕೆ, ಅಂದರೆ ಆಸ್ತಿಗೆ ಸರ್ಕಾರ ಗೊತ್ತು ಮಾಡುವ ಬೆಲೆಗೆ ಗಂಟು ಹಾಕಿದ ಕತೆ. ಹೆದ್ದಾರಿ ಬದಿಯ ಹಳೇ ಹಂಚಿನ ಮನೆಯವರು ಹೆಸರು ಮುಚ್ಚಿ ರಸೀದಿಯ ಫೋಟೋ ಕಳಿಸಿ. ಶರಬತ್ತು ತರಿಸಿಕೊಂಡವರು ಬಾಟಲಿ ವಾಪಸ್ ಕೊಡಿ ಮಾರಾಯ್ರೇ, ಅತ್ತಿಗೆ ನನಗೆ ಬೈಯುತ್ತಿದ್ದಾರೆ.