ಸೊಂಟಪಟ್ಟಿಯ ಮೇಲಿನ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಸೋದರಮಾವ ಜೀನ್ಸ್ ಹೊಲಿಸುತ್ತಾರೆ. ಹದಿನಾಲ್ಕು ಮಷಿನ್, ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೇ ಸದ್ದು. ಹೋದ ವರ್ಷ ದೀಪಾವಳಿಗೆ ಮುಂಚೆ ಅಲ್ಲಿಗೆ ಹೋದಾಗ ಮಷಿನ್‌ಗಳೆಲ್ಲ ಸುಮ್ಮನಿದ್ದವು. ಆರು ಜನ ನೆಲದ ಮೇಲೆ ಕೂತಿದ್ದರು. ಮುಂದೆ ಹೊಲಿದು ಮುಗಿಸಿದ ಪ್ಯಾಂಟುಗಳ ರಾಶಿ, ಕೈಯಲ್ಲಿ ಸಣ್ಣ ಕತ್ತರಿ. ಪ್ಯಾಂಟಿನ ಹಿಂಬದಿ, ಸೊಂಟಪಟ್ಟಿಯ ಮೇಲೆ ಕಂದು ಬಣ್ಣದ ರೆಕ್ಸಿನ್ ತುಂಡು ಹೊಲಿದಿರುತ್ತಾರಲ್ಲ, ಅದನ್ನು ಬಟ್ಟೆಗೆ ಗೀರು ಬೀಳದ ಹಾಗೆ ಒಂದೊಂದೇ ದಾರ ಕತ್ತರಿಸಿ ಬಿಡಿಸುತ್ತಿದ್ದರು. ಆ ತುಂಡಿನ ಮೇಲೆ ಮಾವನ ಬ್ರಾಂಡಿನ ಹೆಸರು, ಅದರ ಕೆಳಗೆ ವೆಬ್‌ಸೈಟಿನ ವಿಳಾಸ ಅಚ್ಚಾಗಿತ್ತು. ಆ ವಿಳಾಸ ಈಗ ಮಾವನದ್ದಲ್ಲ. ಮೊಬೈಲಿನಲ್ಲಿ ಹಾಕಿ ನೋಡಿದರೆ ಜೂಜಾಡುವ ಪುಟ ತೆರೆದುಕೊಳ್ಳುತ್ತಿತ್ತು.

ನಾನು ಕೊಪ್ಪಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು. ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾವನ ಸೈಟು ಯಾರ ಹೆಸರಿನಲ್ಲಿದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಆ ಸಂಕಟ ಇನ್ನೂ ಇದೆ. ಅದಕ್ಕೇ ಈ ಮಾತು.

ವೆಬ್‌ಸೈಟ್ ಅಂದರೆ ಎರಡು ವಸ್ತು. ಒಂದು ಹೆಸರು, ಅಂದರೆ ಡೊಮೇನ್, ಆ ರೆಕ್ಸಿನ್ ತುಂಡಿನ ಮೇಲಿದ್ದ ವಿಳಾಸ. ಇನ್ನೊಂದು ಜಾಗ, ಅಂದರೆ ಹೋಸ್ಟಿಂಗ್. ಹೆಸರು ಕೊಡುವ ಕಂಪನಿಗೆ ರಿಜಿಸ್ಟ್ರಾರ್ ಅಂತಾರೆ. ಜಾಗ ಅಂದರೆ ನಿಮ್ಮ ಫೋಟೋ, ಬರಹ ಎಲ್ಲ ಇಟ್ಟಿರುವ, ಹಗಲು ರಾತ್ರಿ ಓಡುತ್ತಿರುವ ಕಂಪ್ಯೂಟರಿನಲ್ಲಿ ಒಂದು ಮೂಲೆ. ಅದು ಬಾಡಿಗೆ ಅಂಗಡಿ ಇದ್ದ ಹಾಗೆ. ಬೇಡವಾದರೆ ಸಾಮಾನು ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಹೆಸರಿನ ಕಥೆ ಹಾಗಲ್ಲ. ಹೆಸರು ಕೊಂಡುಕೊಂಡೆವು ಅಂತ ನಾವು ಹೇಳುತ್ತೇವೆ. ನಿಜವಾಗಿ ಅದು ಗುತ್ತಿಗೆ. ವರ್ಷಕ್ಕಿಷ್ಟು ಅಂತ ಕಟ್ಟಿ ಹಿಡಿದುಕೊಳ್ಳುತ್ತೇವೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಕಟ್ಟುವುದು ಮರೆತರೆ ಇನ್ನೊಬ್ಬರು ಹಿಡಿಯುತ್ತಾರೆ.

ಮಾವನಿಗೆ ಆದದ್ದು ಅದೇ. ಐದು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಸೈಟು ಮಾಡಿಕೊಟ್ಟಿದ್ದ. ಹೆಸರನ್ನು ತನ್ನ ಲಾಗಿನ್‌ನಲ್ಲಿ, ತನ್ನ ಇಮೇಲ್ ಹಾಕಿ ತೆಗೆದಿದ್ದ. ಮೋಸದ ಹುಡುಗ ಅಲ್ಲವೇ ಅಲ್ಲ, ಆಗ ಹಾಗೆ ಮಾಡುವುದು ಸುಲಭವಾಗಿ ಕಂಡಿತ್ತು ಅಷ್ಟೇ. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು, ಆ ಹಳೆ ಇಮೇಲ್ ತೆರೆಯುವುದನ್ನೇ ಬಿಟ್ಟ. ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಾರ್ ಮೂರು ಸಲ ನೆನಪು ಮಾಡಬೇಕು ಅಂತ ನಿಯಮ ಇದೆ. ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮುಗಿದ ಮೇಲೆ ಐದು ದಿನದೊಳಗೆ ಇನ್ನೊಮ್ಮೆ. ಮೂರು ಪತ್ರಗಳೂ ಬಂದಿದ್ದವು. ಯಾರೂ ನೋಡದ ಪೆಟ್ಟಿಗೆಗೆ ಬಂದಿದ್ದವು.

ಮೊದಲು ಸುದ್ದಿ ಕೊಟ್ಟವರು ಸೊಲ್ಲಾಪುರದ ಒಬ್ಬ ವ್ಯಾಪಾರಿ. ನಿಮಗೆ ಕಳಿಸಿದ ಮೇಲ್ ವಾಪಸ್ ಬರ್ತಿದೆ ಅಂದರಂತೆ. "ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡೆ ಕಣಪ್ಪಾ, ಇವತ್ತಲ್ಲ ನಾಳೆ ಸರಿ ಆಗ್ತೈತೆ ಅಂದ್ಕೊಂಡೆ" ಅಂತ ಮಾವ ನನ್ನ ಹತ್ತಿರ ಹೇಳಿದರು. ಆ ದಿನಗಳೇ ಬೆಲೆಯುಳ್ಳ ದಿನಗಳಾಗಿದ್ದವು. ಡಾಟ್ ಕಾಮ್ ಹೆಸರು ಮುಗಿದ ಕೂಡಲೇ ಪೂರ್ತಿ ಹೋಗುವುದಿಲ್ಲ. ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, 45 ದಿನದವರೆಗೆ ಮಾಮೂಲಿ ಹಣ ಕಟ್ಟಿ ಉಳಿಸಿಕೊಳ್ಳಲು ಅವಕಾಶ ಇರಬಹುದು. ಕಂಪನಿ ಹೆಸರನ್ನು ಅಳಿಸಿಬಿಟ್ಟರೆ ಮತ್ತೆ 30 ದಿನ ಇದೆ, ಆದರೆ ದಂಡ ಜಾಸ್ತಿ. ಅದಾದ ಮೇಲೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ, ಆಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇದರಲ್ಲಿ ಒಂದು ಒಳಸುಳಿ ಇದೆ. ಮೊದಲ 45 ದಿನ ಅಂತ ಹೇಳಿದೆನಲ್ಲ, ಅದರೊಳಗೇ ಹೆಸರನ್ನು ಹರಾಜಿಗೆ ಇಡುವ ಕಂಪನಿಗಳಿವೆ. ಮಾವನ ಹೆಸರು ಹಾಗೆ ಹೋಯಿತು. ಆ ಹುಡುಗ ಫೋನಿನಲ್ಲಿ ಅತ್ತುಬಿಟ್ಟ.

ಆದ್ದರಿಂದ ಯಾವ ಕಂಪನಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಲಾಗಿನ್ ಯಾರ ಕೈಯಲ್ಲಿದೆ ಅಂತ. ಸೈಟು ಯಾರು ಬೇಕಾದರೂ ಮಾಡಿಕೊಡಲಿ. ಹೆಸರು ಮಾತ್ರ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರ್, ನಿಮ್ಮ ಇಮೇಲ್ ಹಾಕಿ ತೆಗೆಯಿರಿ. ಆ ಇಮೇಲ್ ಅದೇ ಡೊಮೇನಿನ ಇಮೇಲ್ ಆಗಿರಬಾರದು. ಹೆಸರು ನಿಂತ ದಿನ ಆ ಮೇಲೂ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಿಸುವ ಪತ್ರ ಕೂಡ ನಿಮಗೆ ಸಿಗುವುದಿಲ್ಲ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಇನ್ನೊಂದು ಮಾತು. ಡಾಟ್ ಕಾಮ್ ತೆಗೆದ ಮೇಲೆ ಇಮೇಲ್ ಸರಿಯಾಗಿದೆಯೇ ಅಂತ ಪರೀಕ್ಷಿಸಲು ಒಂದು ಪತ್ರ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತಿ ಒಪ್ಪಿಗೆ ಕೊಡದಿದ್ದರೆ ಸೈಟು ನಿಂತುಹೋಗಬಹುದು.

ಇನ್ನು ರಿಜಿಸ್ಟ್ರಾರ್. ಡಾಟ್ ಕಾಮ್ ಮಾರುವವರಿಗೆ ಐಕ್ಯಾನ್ ಅನ್ನುವ ಸಂಸ್ಥೆಯ ಮಾನ್ಯತೆ ಬೇಕು. ಇದು 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನಮ್ಮ ದೇಶದ ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ ಅನ್ನುವ ಸಂಸ್ಥೆ. ಇಬ್ಬರೂ ಮಾನ್ಯತೆ ಪಡೆದವರ ಪಟ್ಟಿ ಹಾಕಿರುತ್ತಾರೆ, ನೋಡಿಕೊಳ್ಳಬಹುದು. ಪಟ್ಟಿಯಲ್ಲಿರುವ ಕಂಪನಿಯ ಕೆಳಗೆ ಮರುಮಾರಾಟ ಮಾಡುವವರೂ ಇರುತ್ತಾರೆ. ಅದು ತಪ್ಪಲ್ಲ, ಆದರೆ ಹಿಂದೆ ಯಾವ ಕಂಪನಿ ಇದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾನ್ಯತೆ ಇದ್ದರೆ ಸಾಕೇ ಅಂದರೆ, ಸಾಲದು. 2007ರಲ್ಲಿ ಅಮೆರಿಕದ ರಿಜಿಸ್ಟರ್‌ಫ್ಲೈ ಅನ್ನುವ ರಿಜಿಸ್ಟ್ರಾರ್ ಮುಗ್ಗರಿಸಿತು. ಐಕ್ಯಾನ್ ಅದರ ಮಾನ್ಯತೆ ರದ್ದು ಮಾಡಿ, ಹೆಸರುಗಳನ್ನು ಬೇರೆ ಕಂಪನಿಗೆ ವರ್ಗ ಮಾಡಬೇಕಾಯಿತು. ಮಾನ್ಯತೆಯಿಂದ ಆಗುವ ಉಪಯೋಗ ಇದು: ಕಂಪನಿ ಬಿದ್ದರೂ ಮೇಲೆ ಕೇಳುವವರು ಒಬ್ಬರಿರುತ್ತಾರೆ.

ಬೆಲೆ ನೋಡುವಾಗ ಮೊದಲ ವರ್ಷದ ಬೆಲೆ ನೋಡಬೇಡಿ. ದೊಡ್ಡ ಅಕ್ಷರದಲ್ಲಿ 99 ರೂಪಾಯಿ ಅಂತ ಇರುತ್ತದೆ. ಎರಡನೇ ವರ್ಷ ಎಷ್ಟು ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆ ಕಂಪನಿ ಬಿಟ್ಟು ಹೋಗುವುದು ಸುಲಭವೇ ಅಂತಲೂ ನೋಡಿ. ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಒಂದು ಗುಪ್ತ ಸಂಕೇತ ಬೇಕು. ಡಾಟ್ ಕಾಮ್ ಆದರೆ ಕೇಳಿದ 5 ದಿನದೊಳಗೆ ಅದನ್ನು ಕೊಡಬೇಕು ಅಂತ ನಿಯಮವಿದೆ. ಇನ್ನು, ಹಣ ತಾನಾಗಿ ಕಟ್ ಆಗುತ್ತದೆ ಅಂತ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ. ಬ್ಯಾಂಕಿಗೆ ಮೊದಲೇ ಒಪ್ಪಿಗೆ ಕೊಟ್ಟಿರದಿದ್ದರೆ ಕಾರ್ಡಿನಿಂದ ಹಣ ಹೋಗುವುದಿಲ್ಲ.

ಹೆಸರು ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಬಿಲ್ ಬರುತ್ತವೆ, ನಿಜ. ಆದರೆ ಹೋಸ್ಟಿಂಗ್‌ನವರ ಜೊತೆ ಜಗಳವಾದರೂ ಹೆಸರು ನಿಮ್ಮ ಹತ್ತಿರವೇ ಇರುತ್ತದೆ.

ಹೋಸ್ಟಿಂಗ್‌ನವರು 99.9 ಪರ್ಸೆಂಟ್ ಸಮಯ ಸೈಟು ನಡೆಯುತ್ತದೆ ಅಂತಾರೆ. ಲೆಕ್ಕ ಹಾಕಿ. ವರ್ಷಕ್ಕೆ 8,760 ತಾಸು. ಉಳಿದ 0.1 ಅಂದರೆ ಹತ್ತಿರ ಹತ್ತಿರ ಒಂಬತ್ತು ತಾಸು. ಅಷ್ಟು ನಿಂತರೂ ಅವರು ಮಾತು ತಪ್ಪಿದ ಹಾಗಲ್ಲ. ನಮ್ಮ ಕಡೆಯ ಗಿರಾಕಿಗಳೇ ಜಾಸ್ತಿ ಇದ್ದರೆ ಸರ್ವರ್, ಅಂದರೆ ಸೈಟು ಇಟ್ಟಿರುವ ಆ ಕಂಪ್ಯೂಟರು, ಮುಂಬೈಯಲ್ಲಿರಲಿ, ಪುಟ ಬೇಗ ತೆರೆಯುತ್ತದೆ. ಗಿರಾಕಿ ಸೈಟಿನಲ್ಲಿ ಬರೆದದ್ದನ್ನು ನಡುವೆ ಯಾರೂ ಓದದ ಹಾಗೆ ಕಾಯುವ, ಬೀಗದ ಗುರುತಿನ ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಸಣ್ಣ ಸೈಟಿಗೆ ಸಾಕಾಗುವಂಥದ್ದು ಪುಕ್ಕಟೆ ಸಿಗುತ್ತದೆ. ದುಡ್ಡು ಕಟ್ಟುವ ಮುಂಚೆ, ಭಾನುವಾರ ರಾತ್ರಿ ಅವರಿಗೆ ಒಂದು ಪ್ರಶ್ನೆ ಕಳಿಸಿ. ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ, ಮನುಷ್ಯ ಬರೆದ ಉತ್ತರವೇ ಅಂತ ನೋಡಿ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ.

ಆದರೆ ಬ್ಯಾಕಪ್, ಅಂದರೆ ಸೈಟಿನ ನಕಲು ಇಡುವ ವಿಷಯವನ್ನು ಅವರ ಮಾತಿನ ಮೇಲೆ ಬಿಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನುವ ದೊಡ್ಡ ಕಂಪನಿಯ ಸರ್ವರ್ ಕಟ್ಟಡಕ್ಕೆ ಬೆಂಕಿ ಬಿತ್ತು. ಲಕ್ಷಗಟ್ಟಲೆ ಸೈಟುಗಳು ನಿಂತವು. ಬೇರೆ ಕಡೆ ನಕಲು ಇಟ್ಟುಕೊಂಡಿರದ ಎಷ್ಟೋ ಜನರಿಗೆ ಏನೂ ವಾಪಸ್ ಸಿಗಲಿಲ್ಲ. ದೂರದ ಮಾತು ಬೇಡ ಅಂದರೆ, ನಮ್ಮ ತುಂಗಭದ್ರಾ ಅಣೆಕಟ್ಟೆ ನೆನಪು ಮಾಡಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟನ್ನು ಆಮೇಲೆ ತಯಾರು ಮಾಡಿಸಿ ಕೂರಿಸುವ ಹೊತ್ತಿಗೆ ಒಂದು ವಾರ ಹಿಡಿಯಿತು. ಅಷ್ಟು ದಿನ ಹರಿದುಹೋಗುತ್ತಿದ್ದ ನೀರು ನೋಡಿ ನಮ್ಮ ರೈತರ ಹೊಟ್ಟೆ ಉರಿದದ್ದು ನಿಮಗೆ ಗೊತ್ತಲ್ವಾ. ಸೈಟಿನ ನಕಲೂ ಮೊದಲೇ ಕೈಯಲ್ಲಿರಬೇಕು. ತಿಂಗಳಿಗೊಮ್ಮೆ ಸೈಟನ್ನು ಪೂರ್ತಿ ಇಳಿಸಿಕೊಂಡು ನಿಮ್ಮ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಅದು ತೆರೆಯುತ್ತದೆಯೇ ಅಂತ ನೋಡಿ.

ಮಾವ ಈಗ ಡಾಟ್ ಇನ್ ಹೆಸರು ತೆಗೆದುಕೊಂಡಿದ್ದಾರೆ. "ಕನ್ನಡದಾಗೇ ಹೆಸರು ಸಿಗಲ್ವಾ?" ಅಂತ ಕೇಳಿದರು. ಸಿಗುತ್ತದೆ, ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ಇದೆ. ಆದರೆ ಅವರ ಗಿರಾಕಿಗಳು ಸೊಲ್ಲಾಪುರ, ಹೈದರಾಬಾದಿನವರು, ಹಾಗಾಗಿ ಬಿಟ್ಟೆವು. ಲಾಗಿನ್ ಮಾವನದ್ದು. ಪಾಸ್‌ವರ್ಡ್ ಮಗಳಿಗೂ ಗೊತ್ತು. ಮುಗಿಯುವ ದಿನಾಂಕವನ್ನು ಮೀಟರ್ ಬೋರ್ಡಿನ ಪಕ್ಕ, ಜೀನ್ಸ್ ವಾಷಿಂಗ್ ರೇಟು ಬರೆಯುವ ಗೋಡೆಯ ಮೇಲೆ, ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ.

ಹೊಸ ರೆಕ್ಸಿನ್ ತುಂಡುಗಳ ಕಟ್ಟು ಬಂದ ದಿನ ನಾನೂ ಅಲ್ಲಿದ್ದೆ. ಮಾವ ಕಟ್ಟು ಬಿಚ್ಚಿ ಒಂದು ತುಂಡು ತೆಗೆದರು. ಕನ್ನಡಕ ಹಾಕಿಕೊಂಡು, ಅದರ ಮೇಲಿದ್ದ ವಿಳಾಸದ ಒಂದೊಂದೇ ಅಕ್ಷರ ನೋಡುತ್ತಾ ತಮ್ಮ ಮೊಬೈಲಿನಲ್ಲಿ ಒತ್ತಿದರು. ಪುಟ ತೆರೆಯಿತು. ಅವರ ಪ್ಯಾಂಟು, ಅವರ ನಂಬರು. ಆಮೇಲೆ ತುಂಡನ್ನು ಮಷಿನ್‌ನವರ ಕೈಗೆ ಕೊಟ್ಟು, ಹೊಲಿಯಿರಿ ಅಂದರು.

ನಮಸ್ಕಾರ.